ಅರಿಶಿನ ಹಚ್ಚಿದ ಮೇಲೆ

"ಎಲ್ಲೀಗಂಟ ಬತ್ತೀರಿ?"

ನನ್ನ ಕಸುಬಿನಲ್ಲಿ ಗಿರಾಕಿಗಳು ಮೊಟ್ಟಮೊದಲು ಕೇಳುತ್ತಿದ್ದದ್ದು ಇದೊಂದನ್ನೇ. ನನಗೆ ಹುಬ್ಬು ತಿದ್ದಲು ಬರುತ್ತದೋ ಇಲ್ಲವೋ, ಮದುಮಗಳಿಗೆ ಮೊಗ್ಗಿನ ಜಡೆ ಹಾಕಲು ಬರುತ್ತದೋ ಇಲ್ಲವೋ, ಅದೆಲ್ಲ ಆಮೇಲಿನ ಮಾತು. ಆಗ ಹುಣಸೂರಿನಲ್ಲಿ ಬೋರ್ಡು ಹಾಕಿಕೊಂಡ ಬ್ಯೂಟಿ ಪಾರ್ಲರುಗಳು ಎರಡಿದ್ದವು. ನನ್ನದು ಮೂರನೆಯದು. ಅದಕ್ಕೆ ಬಾಗಿಲೂ ಇರಲಿಲ್ಲ, ಬೋರ್ಡೂ ಇರಲಿಲ್ಲ, ಒಂದು ದೊಡ್ಡ ಬ್ಯಾಗು ಮಾತ್ರ ಇತ್ತು. ಕೈಕಾಲಿನ ಕೂದಲು ಕೀಳುವ ವ್ಯಾಕ್ಸಿನ ಡಬ್ಬಿ, ಹಳೇ ಪ್ಯಾಂಟಿನ ಬಟ್ಟೆ ಕತ್ತರಿಸಿ ಮಾಡಿದ ಪಟ್ಟಿಗಳು, ಹುಬ್ಬಿನ ದಾರದುಂಡೆ, ಕ್ರೀಮುಗಳು, ಹತ್ತಿ, ಟವೆಲು, ಕನ್ನಡಿ ಎಲ್ಲವನ್ನೂ ಅದಕ್ಕೆ ತುರುಕಿಕೊಂಡು ಬಸ್ಸು ಹತ್ತುತ್ತಿದ್ದೆ. ವ್ಯಾಕ್ಸ್ ಬಿಸಿ ಮಾಡಲು ಗಿರಾಕಿಗಳ ಮನೆಯ ಒಲೆಯೇ ಸಾಕಾಗುತ್ತಿತ್ತು.

ಎಲ್ಲಿಯವರೆಗೆ ಹೋಗಬಹುದು ಅನ್ನುವುದಕ್ಕೆ ನಮ್ಮತ್ತೆ ಒಂದು ಕಾನೂನು ಮಾಡಿದ್ದರು. ಹೋದ ಬಸ್ಸು ಅಲ್ಲೇ ತಿರುಗಿಸಿಕೊಂಡು ವಾಪಸ್ ಬರಬೇಕು, ದೀಪ ಹಚ್ಚುವ ಹೊತ್ತಿಗೆ ನಾನು ಮನೆಯಲ್ಲಿರಬೇಕು. "ಆಸ್ಗೆ ಇದ್ದಷ್ಟು ಕಾಲು ಚಾಚು ಕಣವ್ವ, ಬಸ್ ಇರೋಗಂಟ ಓಗು," ಎನ್ನುತ್ತಿದ್ದರು. ಮೊದಮೊದಲು ನನಗೆ ಮೈಯೆಲ್ಲ ಉರಿಯುತ್ತಿತ್ತು. ಆಮೇಲೆ ಕಾನೂನು ನನ್ನದೇ ಆಯಿತು. ಯಾಕೆಂದರೆ ಒಮ್ಮೆ ಕೆ.ಆರ್. ನಗರದಿಂದ ಬರುವಾಗ ಬಸ್ಸಿನ ನೂಕುನುಗ್ಗಲಿನಲ್ಲಿ ವ್ಯಾಕ್ಸಿನ ಡಬ್ಬಿಯ ಮುಚ್ಚಳ ಬಿಚ್ಚಿ, ಸಕ್ಕರೆ ಪಾಕದ ಆ ಅಂಟೆಲ್ಲ ಪಕ್ಕದಲ್ಲಿ ನಿಂತಿದ್ದ ಹೆಂಗಸಿನ ಸೀರೆಗೆ ಇಳಿದಿತ್ತು. ಆಯಮ್ಮ ನನ್ನ ಏಳು ತಲೆಮಾರನ್ನು ಬಿಡಿಸಿ ಬಿಡಿಸಿ ಇಟ್ಟಳು. ಆ ಬಸ್ಸು ಬಿಳಿಕೆರೆ ಹತ್ತಿರ ಬೇರೆ ಕೆಟ್ಟು ನಿಂತಿತು. ಅವತ್ತಿನಿಂದ ನಾನೂ ದೂರದ ಊರು ಎಂದರೆ ಕೈ ಮುಗಿಯುತ್ತಿದ್ದೆ. ಪಿರಿಯಾಪಟ್ಟಣ ಆಗಬಹುದು, ಕಂಪಲಾಪುರ ಆಗಬಹುದು. ಬೈಲಕುಪ್ಪೆಯ ಅಂಗಡಿ ಹೆಂಗಸರು ಹುಬ್ಬು ತಿದ್ದಿಸಿಕೊಳ್ಳುವಾಗ ನೋವಿಗೂ ನಗುತ್ತಿದ್ದರು, ಅಲ್ಲಿಗೆ ಹೋಗುವುದೆಂದರೆ ನನಗೆ ಖುಷಿ. ಅದರಾಚೆಗೆ ಮೂಗಿಗಿಂತ ಮೂಗುತಿ ಭಾರ ಅಂದುಕೊಂಡು ಸುಮ್ಮನಿದ್ದೆ.

ಆ ಬೇಸಿಗೆಯಲ್ಲಿ, ಮದುವೆಗಳ ಕಾಲದಲ್ಲಿ, ಎಚ್.ಡಿ. ಕೋಟೆ ಕಡೆಯಿಂದ ಒಬ್ಬ ಹೆಂಗಸು ನಮ್ಮ ಮನೆ ಹುಡುಕಿಕೊಂಡು ಬಂದಳು. ಕಬಿನಿ ಹಿನ್ನೀರಿನ ಆಚೆ ದಡದ ಊರು. ಅಣ್ಣನ ಮಗಳಿಗೆ ಮದುವೆ. ಎತ್ತರದ ಆಳು, ದೊಡ್ಡ ದನಿ, ಎಲೆಯಡಿಕೆಯ ಕೆಂಪು ತುಟಿ. ಬಂದವಳೇ ಜಗಲಿಯ ಮೇಲೆ ಕೂತು, "ಅಕ್ಕಾರೇ, ನಮ್ ಉಡುಗೀನ ಒಸಿ ಚೆಂದ ಮಾಡ್ಕೊಡ್ಬೇಕು. ಏನ್ ಕುರೂಪಿ ಅಲ್ಲ ಬುಡಿ, ನನ್ನಂಗೇ ಅವ್ಳೆ," ಎಂದು ತಾನೇ ನಕ್ಕಳು.

"ಬಸ್ಸು ಬರುತ್ತಾ ನಿಮ್ಮೂರಿಗೆ?"

"ಈಚೆ ದಡದ್ಗಂಟ ಬತ್ತದೆ. ಆಮೇಲೆ ತೆಪ್ಪ. ಕಾಡ್ ಸುತ್ಕೊಂಡು ರಸ್ತೇನೂ ಅದೆ, ಅದ್ರಲ್ಲಿ ಬಂದ್ರೆ ಮದ್ವೆ ಮುಗ್ದು ನಾಮಕರಣಕ್ಕೆ ಬತ್ತೀರಿ."

ನೀರು ಎಂದ ಕೂಡಲೇ ಒಳಗಿಂದ ಅತ್ತೆ ಕೆಮ್ಮಿದರು. ಅದು ಕೆಮ್ಮಲ್ಲ, ಅಪ್ಪಣೆ. ನನಗೂ ಈಜು ಬರದು, ನಮ್ಮೂರ ಲಕ್ಷ್ಮಣತೀರ್ಥ ಹೊಳೆಯಲ್ಲಿ ಮೊಣಕಾಲುದ್ದ ನೀರಿಗಿಂತ ಆಳಕ್ಕೆ ಇಳಿದವಳಲ್ಲ. ನೀರು ದಾಟಿ ಬರಲ್ಲ ಅಂದುಬಿಟ್ಟೆ. ಕೊನೆಗೆ ಒಂದು ಒಪ್ಪಂದವಾಯಿತು. ಧಾರೆಯ ಹಿಂದಿನ ದಿನ ಬೆಳಗ್ಗೆ ಹುಡುಗಿಯೇ ತೆಪ್ಪದಲ್ಲಿ ಈಚೆ ದಡಕ್ಕೆ ಬರುತ್ತಾಳೆ. ಬಸ್ಸು ನಿಲ್ಲುವ ಊರಿನಲ್ಲಿ ಅವರ ನೆಂಟರ ಮನೆಯಿದೆ. ನಾನು ಅಲ್ಲಿ ಅವಳ ಕೈಗೆ ವ್ಯಾಕ್ಸ್, ಮುಖಕ್ಕೆ ಫೇಶಿಯಲ್, ಹುಬ್ಬು ಎಲ್ಲ ಮುಗಿಸಿ ಸಂಜೆ ಬಸ್ಸಿಗೆ ಹಿಂದಿರುಗುವುದು. ಅರಿಶಿನದ ಶಾಸ್ತ್ರ ಆ ಸಂಜೆಗೆ. ಮಾರನೆಯ ಬೆಳಗ್ಗೆ ಹುಣಸೂರಿನಲ್ಲೇ ಒಬ್ಬ ಟೀಚರಿನ ನಿಶ್ಚಿತಾರ್ಥಕ್ಕೆ ಅಲಂಕಾರ ಮಾಡುವುದಿತ್ತು. ಆಕೆ ತಪ್ಪದೆ ಕರೆಸುತ್ತಿದ್ದ ಗಿರಾಕಿ, ಆಕೆಯ ಬೀದಿಯವರೆಲ್ಲ ನನ್ನನ್ನು ಕರೆಯುತ್ತಿದ್ದದ್ದೇ ಆಕೆಯ ಮಾತಿನಿಂದ.

ಹೇಳಿದ ದಿನ ಕೋಟೆಯಲ್ಲಿ ಬಸ್ಸು ಬದಲಿಸಿ ಆ ಊರು ತಲುಪಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಕಂಡಕ್ಟರು "ಲಾಸ್ಟ್ ಸ್ಟಾಪ್, ಇಳೀರಿ" ಅಂದ. ಇಳಿದು ನೋಡುತ್ತೇನೆ, ಬಸ್ಸಿನ ಮುಂದೆ ಡಾಂಬರು ರಸ್ತೆ ಹಾಗೇ ನೆಟ್ಟಗೆ ಹೋಗಿ ನೀರಿನೊಳಕ್ಕೆ ಇಳಿದಿತ್ತು. ರಸ್ತೆಯ ಬದಿಯ ಕಲ್ಲುಗಳೂ ಸಾಲಾಗಿ ನೀರಿಗಿಳಿದಿದ್ದವು. ನೀರಿನ ನಡುವೆ ಎಲೆಯಿಲ್ಲದ ಒಣಮರಗಳು ನಿಂತಿದ್ದವು, ಒಂದೊಂದರ ತುದಿಯಲ್ಲೂ ಒಂದೊಂದು ಕಪ್ಪು ಹಕ್ಕಿ. ಆಚೆ ದಡದಲ್ಲಿ ಕಾಡು, ಅದರ ಹಿಂದೆ ನೀಲಿ ಬೆಟ್ಟ. ನಾನು ಬ್ಯಾಗು ಕೆಳಗಿಡುವುದನ್ನೂ ಮರೆತು ನಿಂತೆ. ನಮ್ಮ ಮನೆಯಿಂದ ಒಂದು ಹೊತ್ತಿನ ದಾರಿಯಲ್ಲಿ ಇಂಥದ್ದೊಂದು ಇದೆ ಎಂದು ಅಷ್ಟು ವರ್ಷ ಹುಣಸೂರಿನಲ್ಲಿದ್ದರೂ ನನಗೆ ಗೊತ್ತಿರಲಿಲ್ಲ.

"ಅಳೇ ರಸ್ತೆ ಕಣವ್ವ," ಎಂದ ಕಂಡಕ್ಟರು. "ಡ್ಯಾಂ ಕಟ್ಟೋಕ್ ಮುಂಚೆ ಬಸ್ಸು ಇಂಗೇ ಓಯ್ತಿತ್ತಂತೆ. ಈಗ ಮೀನು ಓಯ್ತವೆ."

ಹುಡುಗಿ ಬಂದಿರಲಿಲ್ಲ. ಅವಳ ಸೋದರತ್ತೆ ಒಬ್ಬಳೇ ಹೊಂಗೆಮರದ ಕೆಳಗೆ ಕುಕ್ಕರಗಾಲಲ್ಲಿ ಕೂತಿದ್ದಳು. ನಮ್ಮ ಜಗಲಿಯ ಮೇಲೆ ಕೂತು ನಕ್ಕವಳು ಇವಳೇನಾ ಎನ್ನುವಂತಾಗಿತ್ತು ಆ ಮುಖ. ನನ್ನನ್ನು ಕಂಡದ್ದೇ ಎದ್ದು ಬಂದು ಕೈ ಹಿಡಿದುಕೊಂಡಳು.

"ಎಣ್ಗೆ ಅರಿಸ್ನ ಹಚ್ಬುಟ್ರು ಅಕ್ಕಾರೇ. ಮಂಗ್ಳವಾರ ಬ್ಯಾಡ ಅಂತ ನಮ್ ದೊಡ್ಡೋರು ನೆನ್ನೆ ಸಂಜೇಲೇ ಶಾಸ್ತ್ರ ಮಾಡ್ಸುಬುಟ್ರು. ಅರಿಸ್ನ ಹಚ್ಚಿದ್ ಮೇಲೆ ನಮ್ಮಲ್ಲಿ ಎಣ್ಣು ಊರ್ ಗಡಿ ದಾಟಂಗಿಲ್ಲ, ನೀರಂತೂ ದಾಟಂಗೇ ಇಲ್ಲ."

ನನಗೆ ರೇಗಿತು. ಹೋದ ಪುಟ್ಟ ಬಂದ ಪುಟ್ಟ ಅಂತ ಇಷ್ಟು ದೂರ ಬ್ಯಾಗು ಹೊತ್ತು ಬಂದದ್ದು ಇದಕ್ಕಾ? "ಹಾಗಾದರೆ ನೆನ್ನೆಯೇ ಒಂದು ಫೋನು ಮಾಡಬಾರದಿತ್ತಾ?" ಎಂದೆ.

ಅವಳು ನನ್ನ ಕೈ ಬಿಡಲಿಲ್ಲ. ದನಿ ತಗ್ಗಿಸಿ ಮಿಕ್ಕದ್ದನ್ನು ಹೇಳಿದಳು. ಮೈಸೂರಿನಲ್ಲಿ ಕೆಲಸಕ್ಕಿದ್ದ ಗೆಳತಿಯೊಬ್ಬಳು ಮದುಮಗಳಿಗೆ ಕೂದಲು ತೆಗೆಯುವ ಕ್ರೀಮಿನ ಟ್ಯೂಬು ತಂದುಕೊಟ್ಟಿದ್ದಳು. ಇನ್ನು ನನ್ನ ಹತ್ತಿರ ಬರುವಂತಿಲ್ಲ ಎಂದು ಗೊತ್ತಾದ ಮೇಲೆ, ಆ ಬೆಳಗ್ಗೆ ಹುಡುಗಿ ಅದನ್ನು ಎರಡೂ ಕೈಗೆ, ಕೆನ್ನೆಗೆ, ಮೇಲ್ದುಟಿಗೆ ಬಳಿದುಕೊಂಡಿದ್ದಾಳೆ. ಸ್ವಲ್ಪ ಹೊತ್ತಿಗೆ ಮುಖ, ಕೈ ಎಲ್ಲ ರಕ್ತದಂತೆ ಕೆಂಪಾಗಿದೆ. ಗಾಬರಿಯಲ್ಲಿ ಸೋಪು ಹಾಕಿ ತಿಕ್ಕಿದ್ದಾರೆ. ತಿಕ್ಕಿದಷ್ಟೂ ಇನ್ನೂ ಕೆಂಪು!

"ನಾಳೆ ಬೆಳಿಗ್ಗೆ ಗಂಡಿನ್ ಕಡೆ ಎಂಗುಸ್ರು ಬಳೆ ತೊಡ್ಸಕ್ಕೆ ಬತ್ತಾರೆ. ಕೈ ಇಡ್ಕೊಂಡೇ ತೊಡುಸ್ಬೇಕಲ್ಲಕ್ಕ. ಚರ್ಮದ್ ಕಾಯ್ಲೆ ಎಣ್ಣ ಕಟ್ಟವ್ರೆ ಅಂತ ಒಬ್ಳು ಬಾಯ್ ಬುಟ್ರೆ ಮುಗೀತು. ಊರ್ ಬಾಯಿ ಮುಚ್ಚಕ್ಕಾದದಾ?" ಅವಳ ಕಣ್ಣು ತುಂಬಿತು. "ತಾಯಿ ಇಲ್ದಿರೋ ಮಗ ಕಣಕ್ಕ. ನಾನೇ ಎತ್ತಾಡ್ಸಿ ಬೆಳ್ಸಿರದು."

ಮಗ ಅಂದದ್ದು ಮಗಳನ್ನೇ. ನಮ್ಮ ಕಡೆ ಪ್ರೀತಿ ಹೆಚ್ಚಾದರೆ ಹಾಗೆ ಅನ್ನುತ್ತಾರೆ.

ನೀರಿನ ಕಡೆ ನೋಡಿದೆ. ದಾಟಿದರೆ ಇವತ್ತು ವಾಪಸ್ ಬರಲಾಗದು. ಸಂಜೆಯ ಮೇಲೆ ಆನೆ ಕಾಟಕ್ಕೆ ತೆಪ್ಪ ಬಿಡುವುದಿಲ್ಲವಂತೆ. ನಾಳೆ ಬೆಳಗ್ಗೆ ಟೀಚರ್ ನನ್ನ ದಾರಿ ಕಾಯುತ್ತಾ ಕೂತಿರುತ್ತಾರೆ. ಅವರಿಗೆ ಮಾತು ಕೊಟ್ಟಿದ್ದೇನೆ, ಇವರಿಗೆ ಕೊಟ್ಟಿದ್ದ ಮಾತನ್ನು ಇವರೇ ಮುರಿದಿದ್ದಾರೆ. ನ್ಯಾಯ ನೋಡಿದರೆ ನಾನು ಅದೇ ಬಸ್ಸು ಹತ್ತಬೇಕಿತ್ತು. ಡ್ರೈವರು ಬೀಡಿ ಮುಗಿಸಿ ಬಸ್ಸು ತಿರುಗಿಸುತ್ತಲೂ ಇದ್ದ. ಆದರೆ ಹುಣಸೂರಿನಲ್ಲಿ ಪಾರ್ಲರು ಎರಡಿವೆ, ಟೀಚರ್ ಚಪ್ಪಲಿ ಮೆಟ್ಟಿಕೊಂಡು ಬೀದಿ ದಾಟಿದರೆ ಸಾಕು. ಈ ಹುಡುಗಿ ತನ್ನ ಊರ ಗಡಿಯೊಳಗೆ ಕೂತಿದ್ದಾಳೆ, ಅವಳು ಈಚೆಗೆ ಬರುವಂತಿಲ್ಲ, ಈಚೆಯಿಂದ ಹೋಗಬಲ್ಲವಳು ನಾನೊಬ್ಬಳೇ. ಹೀಗೆ ಯೋಚಿಸುತ್ತಿರುವಾಗಲೇ ಬಸ್ಸು ಹಾರನ್ನು ಹೊಡೆದು ಹೊರಟುಹೋಯಿತು. ನಾನು ಕೈ ಅಡ್ಡ ಹಾಕಲಿಲ್ಲ.

ಅಲ್ಲೊಂದು ಎಸ್‌ಟಿಡಿ ಬೂತು ಇತ್ತು. ನಮ್ಮ ಪಕ್ಕದ ದಿನಸಿ ಅಂಗಡಿಗೆ ಫೋನು ಮಾಡಿ ಅತ್ತೆಯನ್ನು ಕರೆಸಿದೆ. ಟೀಚರಿಗೆ ಬೇರೆಯವರನ್ನು ನೋಡಿಕೊಳ್ಳಲು ಹೇಳಿ, ನಾನು ಇವತ್ತು ಬರುವುದಿಲ್ಲ ಅಂದೆ.

"ಎಲ್ಲಿದ್ದೀಯೆ?"

"ಹಿನ್ನೀರಿನ ಹತ್ರ, ಅತ್ತೆ. ಆಚೆಗೆ ಹೋಗ್ಬೇಕು."

"ಬಸ್ ಇರೋಗಂಟ ಅಂತ ನಾನ್ ಯೋಳಿರ್ನಿಲ್ವಾ? ಆಚೆಗ್ ಓಗ್ಬೇಕಂತೆ, ಆಚೆಗೆ! ನಿಂಗೇನು ತಲೆ ಕೆಟ್ಟದಾ?"

"ಅತ್ತೆ, ಆ ಹುಡುಗೀಗೆ ಅರಿಶಿನ ಹಚ್ಚಿಬಿಟ್ಟಿದ್ದಾರೆ."

ಅಂಗಡಿಯಲ್ಲಿ ಯಾರೋ ಬೆಲ್ಲ ಕೇಳುತ್ತಿದ್ದದ್ದು ಫೋನಿನಲ್ಲಿ ಕೇಳಿಸಿತು. ಆಮೇಲೆ ಅತ್ತೆ, "ಮೊಸಳೆ ಇರ್ತವೆ, ನೀರೊಳ್ಗೆ ಕೈ ಆಕ್ಬ್ಯಾಡ," ಎಂದು ಫೋನು ಇಟ್ಟರು.

ತೆಪ್ಪ ಎಂದರೆ ನಾನು ಏನೋ ದೊಡ್ಡದನ್ನು ಅಂದುಕೊಂಡಿದ್ದೆ. ಬಿದಿರು ಹೆಣೆದು, ಹೊರಗೆ ಪ್ಲಾಸ್ಟಿಕ್ ಹಾಳೆ ಹೊಲಿದು, ಮೇಲೆ ಟಾರು ಬಳಿದ ಮಂಕರಿ ಅದು. ತೆಪ್ಪದವನು ನನ್ನ ಬ್ಯಾಗನ್ನು ನಟ್ಟನಡುವೆ ಇಟ್ಟು, "ಕುಂತ್ಕಳಿ ಅವ್ವಾರೇ, ಏನ್ ಕಂಡ್ರೂ ಮೇಲಕ್ ಏಳ್ಬ್ಯಾಡಿ," ಎಂದ. ಏನು ಕಾಣುತ್ತದೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಹುಟ್ಟು ಹಾಕಿದ ಕೂಡಲೇ ತೆಪ್ಪ ಒಂದು ಸುತ್ತು ಸುತ್ತಿತು. ನಾನು ಸೋದರತ್ತೆಯ ಮಂಡಿ ಹಿಡಿದುಕೊಂಡು ಗೊತ್ತಿದ್ದ ದೇವರನ್ನೆಲ್ಲ ಕರೆದೆ.

ನಡುನೀರು ದಾಟಿದ ಮೇಲೆ ತೆಪ್ಪದವನು ಹುಟ್ಟು ಎತ್ತಿ ಮಡಿಲಲ್ಲಿ ಇಟ್ಟುಕೊಂಡ. ಮುಂದೆ, ನಾವು ಇಳಿಯಬೇಕಿದ್ದ ದಡದಲ್ಲಿ, ಆನೆಗಳು. ನಾನು ದಸರಾದಲ್ಲಿ ಆನೆ ನೋಡಿದವಳೇ, ಆದರೆ ಅವಕ್ಕೆ ಬಣ್ಣ ಬಳಿದಿರುತ್ತದೆ, ಮಾವುತನಿರುತ್ತಾನೆ, ನಮ್ಮ ಕೈಯಲ್ಲಿ ಕಡಲೆಕಾಯಿ ಇರುತ್ತದೆ. ಇವು ಯಾರ ಅಲಂಕಾರವೂ ಇಲ್ಲದೆ, ಮೈಯೆಲ್ಲ ಕೆಮ್ಮಣ್ಣು ಎರಚಿಕೊಂಡು, ಮರಿಗಳನ್ನು ಕಾಲ ಸಂದಿಗೆ ಸೇರಿಸಿಕೊಂಡು ನೀರು ಕುಡಿಯುತ್ತಿದ್ದವು. ಸೊಂಡಿಲಿಗೆ ನೀರು ಎಳೆಯುವ ಸದ್ದು ನಮಗೆ ಕೇಳುತ್ತಿತ್ತು. ಒಂದು ಹೆಣ್ಣಾನೆ ತಲೆಯೆತ್ತಿ ನಮ್ಮನ್ನು ನೋಡಿತು. ಸೋದರತ್ತೆ ಸೆರಗು ಹೊದ್ದು ಕೈ ಮುಗಿದು, ನೆಂಟರೊಂದಿಗೆ ಮಾತಾಡುವ ದನಿಯಲ್ಲಿ, "ಗಣೇಶಪ್ಪ, ದಾರಿ ಬುಡಪ್ಪ. ಮದ್ವೆ ಮನೇಗ್ ಓಯ್ತಾ ಇದ್ದೀವಿ," ಎಂದಳು. ಅವು ಅವಸರ ಮಾಡಲಿಲ್ಲ. ಕುಡಿದು, ಮರಿಗಳನ್ನು ಮೀಯಿಸಿ, ಒಂದರ ಹಿಂದೆ ಒಂದು ಕಾಡಿಗೆ ಹತ್ತಿ ಹೋದವು. ನನ್ನ ಹೆದರಿಕೆ ಯಾವಾಗ ಹೋಯಿತೋ ಗೊತ್ತಾಗಲೇ ಇಲ್ಲ. ಹೀಗೂ ಒಂದು ಲೋಕ ಇದೆಯಲ್ಲ, ಅದಕ್ಕೆ ನನ್ನ ಬಸ್ಸಿನ ಟೈಮು ಗೊತ್ತೇ ಇಲ್ಲವಲ್ಲ ಅನ್ನಿಸಿ ಕಣ್ಣಲ್ಲಿ ನೀರು ಬಂತು.

ಮದುವೆ ಮನೆಯ ಮುಂದೆ ಹಸಿ ಗರಿಯ ಚಪ್ಪರ. ಅದರ ಕೆಳಗೆ ಹೆಂಗಸರೇ ಹೆಂಗಸರು, ಆದರೆ ಯಾರದೂ ಸದ್ದಿಲ್ಲ. ಒಬ್ಬರು ಅಕ್ಕಿ ಕೇರುತ್ತಿದ್ದರು, ಮೊರದ ಸದ್ದೂ ಮೆಲ್ಲಗೆ. ಗಂಡಸರನ್ನು ತೋಟದ ಕಡೆ ಅಟ್ಟಿದ್ದರು, ವಿಷಯ ಅವರ ಕಿವಿಗೆ ಬೀಳದಿರಲಿ ಎಂದು. ನಡುಮನೆಯ ಕತ್ತಲಲ್ಲಿ, ಚಾಪೆಯ ಮೇಲೆ, ಗೋಡೆಗೆ ಮುಖ ಮಾಡಿ ಹುಡುಗಿ ಕೂತಿದ್ದಳು. ಹಿತ್ತಿಲ ಬಾಗಿಲು ತೆಗೆಸಿ, ಬೆಳಕಿಗೆ ತಿರುಗಿಸಿ ಕೂರಿಸಿದೆ.

ಹಣೆ, ಕತ್ತು ಅಚ್ಚ ಹಳದಿ. ಕೆನ್ನೆ, ಮೇಲ್ದುಟಿ, ಮೊಣಕೈವರೆಗಿನ ತೋಳು ಕಡುಕೆಂಪು. ನಡುವೆ ಗೆರೆ ಎಳೆದಂತಿತ್ತು. ಇಷ್ಟು ದೊಡ್ಡ ಸುಟ್ಟ ಗಾಯಕ್ಕೆ ನನ್ನ ಬ್ಯಾಗಿನಲ್ಲಿ ಮದ್ದಿಲ್ಲ, ಇವಳನ್ನು ಆಸ್ಪತ್ರೆಗೆ ಸಾಗಿಸಬೇಕು ಎಂಬುದೇ ಮೊದಲು ಬಂದ ಯೋಚನೆ. ಆದರೆ ಆಸ್ಪತ್ರೆಯೂ ನೀರಿನ ಆಚೆ.

"ಉರೀತಿದೆಯೇನವ್ವ?"

"ಇಲ್ಲಿ ಉರೀತದೆ," ಎಂದು ಬಲಗೆನ್ನೆಯ ಕೆಳಗೆ, ದವಡೆಯ ಹತ್ತಿರ ಬೆರಳಿಟ್ಟಳು. "ಕೈ ಉರಿಯಕ್ಕಿಲ್ಲ."

ಇದು ವಿಚಿತ್ರವಾಗಿತ್ತು. ಸುಟ್ಟ ಕೈ ಉರಿಯಬೇಕಲ್ಲ? ಹಿಡಿದು ನೋಡಿದೆ. ತಣ್ಣಗಿತ್ತು. ಬೊಬ್ಬೆಯಿಲ್ಲ, ಊತವಿಲ್ಲ. ಟ್ಯೂಬು ತರಿಸಿ ಮೂಸಿದೆ. ಕೂದಲು ತೆಗೆಯುವ ಕ್ರೀಮು, ಅದೇ ಸುಣ್ಣದಂಥ ಘಾಟು. ಯೋಚಿಸುತ್ತಾ ಕಣ್ಣು ಪಕ್ಕಕ್ಕೆ ಹೋಯಿತು. ದೇವರ ಗೂಡಿನ ಕೆಳಗೆ, ಸಂಜೆ ಹುಡುಗಿಗೆ ಆರತಿ ಎತ್ತಲು ಯಾರೋ ಓಕುಳಿ ಕಲಸಿಟ್ಟಿದ್ದರು. ತಟ್ಟೆಯಲ್ಲಿ ಅರಿಶಿನದ ನೀರು, ಅದಕ್ಕೆ ಚಿಟಿಕೆ ಸುಣ್ಣ. ಕೆಂಪು ಕೆಂಪು. ಆ ತಟ್ಟೆಯನ್ನೂ ಈ ತೋಳನ್ನೂ ಒಂದಕ್ಕೊಂದು ಹೋಲಿಸಿ ನೋಡಿದೆ. ಅದೇ ಬಣ್ಣ, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ.

ಅಯ್ಯೋ ಶಿವನೇ! ಅರಿಶಿನದ ಕಲೆಯ ಮೇಲೆ ಸೋಪು ಹಾಕಿದರೆ ಬಟ್ಟೆ ಕೆಂಪಾಗುವುದನ್ನು ನಾವು ಹೆಂಗಸರೆಲ್ಲ ದಿನಾ ಕಾಣುತ್ತೇವೆ. ಹುಡುಗಿಯ ಮೈಗೆ ನೆನ್ನೆ ಸಂಜೆಯಿಂದ ಅರಿಶಿನ ಇಳಿದಿದೆ. ಅದರ ಮೇಲೆ ಈ ಘಾಟು ಕ್ರೀಮು, ಅದರ ಮೇಲೆ ಸೋಪು. ಮದುಮಗಳ ಮೈಯ ಮೇಲೆಯೇ ಓಕುಳಿ ಕಲಸಿಬಿಟ್ಟಿದ್ದಾರೆ.

ಆದರೆ ಬಾಯಿ ಬಿಡಲಿಲ್ಲ. ಆ ಕೆಂಪಿನಲ್ಲಿ ಎಷ್ಟು ಬಣ್ಣ, ಎಷ್ಟು ಸುಟ್ಟದ್ದು ಎನ್ನುವುದು ಇನ್ನೂ ಗೊತ್ತಾಗಬೇಕಿತ್ತು. ಆಸೆ ಹುಟ್ಟಿಸಿ ಸುಳ್ಳಾದರೆ ಆ ಹುಡುಗಿಯ ಮುಖ ನೋಡುವುದು ಹೇಗೆ? ಮೊದಲು ಬರೀ ತಣ್ಣೀರಿನಲ್ಲಿ ಮುಖ, ಕೈ ತೊಳೆಸಿದೆ, ಬಿಂದಿಗೆಗಟ್ಟಲೆ, ಉಜ್ಜದೆ. ಕ್ರೀಮಿನ ಘಾಟು ಪೂರ್ತಿ ಹೋಗುವ ತನಕ ಸುರಿಸಿದೆ. ಆಮೇಲೆ ಹುಳಿ ಮೊಸರು ಕೇಳಿದೆ.

"ಊಟ ಮಾಡೀರಾ?" ಎಂದಳು ಸೋದರತ್ತೆ, ಪಾಪ.

"ಊಟಕ್ಕಲ್ಲ ಅಕ್ಕ, ಕೈಗೆ."

ಹುಳಿ ಬಿದ್ದರೆ ಓಕುಳಿಯ ಕೆಂಪು ಇಳಿಯುತ್ತದೆ. ನಿಂಬೆಹಣ್ಣು ಬೇಗ ಕೆಲಸ ಮಾಡುತ್ತಿತ್ತು, ಆದರೆ ಚರ್ಮ ಎಲ್ಲಾದರೂ ಸುಟ್ಟಿದ್ದರೆ ಹುಡುಗಿ ಕಿರುಚಿಬಿಡುತ್ತಾಳೆ. ಮೊಸರನ್ನು ನೀರಾಗಿ ಕದಡಿ, ಹತ್ತಿಯಲ್ಲಿ ಅದ್ದಿ, ಮುಖ ಬಿಟ್ಟು ಮೊಣಕೈ ಹತ್ತಿರ ಒಂದೇ ಒಂದು ಕಡೆ ಒತ್ತಿ ಹಿಡಿದೆ. ಉರಿಯುತ್ತಾ ಎಂದರೆ ಇಲ್ಲವೆಂದು ತಲೆಯಾಡಿಸಿದಳು. ಹತ್ತಿ ಎತ್ತಿದೆ. ಕೆಂಪಿನ ನಡುವೆ ಬೊಟ್ಟಿನಷ್ಟು ಅಗಲ ಹಳದಿ ಮೂಡಿತ್ತು.

ನನ್ನ ಕಸುಬಿನಲ್ಲಿ ನಾನು ಎಷ್ಟೋ ಮುಖ ಬದಲಾದದ್ದನ್ನು ನೋಡಿದ್ದೇನೆ, ಆದರೆ ಕಣ್ಣೆದುರಿಗೆ ಹಾಗೆ ಬಣ್ಣ ಹಿಂದಕ್ಕೆ ಸರಿದದ್ದನ್ನು ಕಂಡದ್ದು ಅದೊಂದೇ ಸಲ. ಸುತ್ತ ಬಗ್ಗಿ ನಿಂತಿದ್ದ ಹೆಂಗಸರ ಉಸಿರು ನನ್ನ ಕುತ್ತಿಗೆಗೆ ತಾಗುತ್ತಿತ್ತು. ಹತ್ತಿ ಅದ್ದಿ ಒತ್ತುತ್ತಾ ತೋಳಿನುದ್ದಕ್ಕೂ ಇಳಿದೆ. ಹೋದಲ್ಲೆಲ್ಲ ಕೆಂಪು ಕರಗಿ ಹಳದಿ ಬಂತು.

"ಇದು ಕಾಯಿಲೆಯಲ್ಲ ಕಣ್ರೀ, ಓಕುಳಿ!" ಎಂದೆ, ಇನ್ನು ತಡೆಯಲಾಗದೆ. "ಟ್ಯೂಬಿನಲ್ಲಿ ಸುಣ್ಣದ ಗುಣ ಇದೆ. ಅರಿಶಿನದ ಮೇಲೆ ಬಿದ್ದು ಓಕುಳಿಯಾಗಿದೆ, ಅಷ್ಟೇ."

ಯಾರೋ ಮೂಲೆಯಲ್ಲಿ ಕಿಸಕ್ಕೆಂದರು. ಅಷ್ಟೇ, ಮನೆಯೇ ಹಾರಿಹೋಗುವಂಥ ನಗು. ಸೋದರತ್ತೆ ಒಂದೇ ಉಸಿರಿಗೆ ಅತ್ತು, ನಕ್ಕು, ಹುಡುಗಿಯ ಬೆನ್ನಿಗೆ ಒಂದು ಗುದ್ದಿದಳು. "ಆರತಿ ಎತ್ತೋಕ್ ಮುಂಚೇನೇ ಓಕಳಿ ಆಡ್ಬುಟ್ಯಲ್ಲೇ ಮುಂಡೇದೇ!"

ಹುಡುಗಿ ಮಾತ್ರ ನಗಲಿಲ್ಲ. ನನ್ನನ್ನೇ ನೋಡುತ್ತಾ, "ನೀವು ನೀರ್ ದಾಟಕ್ಕಿಲ್ಲ ಅಂದ್ರಂತಲ್ಲ," ಎಂದಳು. "ಅದ್ಕೇ ನಾನೇ ಮಾಡ್ಕಂಡೆ."

ದೂರಿನ ದನಿಯಲ್ಲ ಅದು. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ನನ್ನ ಕಾನೂನಿಗೆ ಇನ್ನೊಂದು ತುದಿ ಇದೆ, ಆ ತುದಿಯಲ್ಲಿ ಯಾರೋ ಕೂತಿರುತ್ತಾರೆ ಎಂದು ನನಗೆ ಅದುವರೆಗೂ ಹೊಳೆದಿರಲಿಲ್ಲ. ಹತ್ತಿಯನ್ನು ಇನ್ನೊಮ್ಮೆ ಮೊಸರಿಗೆ ಅದ್ದಿದೆ.

ಕೆನ್ನೆಯಲ್ಲಿ ಕೆಲಸ ನಿಧಾನವಾಯಿತು. ದವಡೆಯ ಹತ್ತಿರಕ್ಕೆ ಬರುತ್ತಿದ್ದಂತೆ ಹುಡುಗಿ ಹಾ ಎಂದು ಹಿಂದಕ್ಕೆ ಸರಿದಳು. ಅಲ್ಲಿಗೆ ಮೊಸರು ನಿಲ್ಲಿಸಿದೆ. ಸುತ್ತಲ ಬಣ್ಣವೆಲ್ಲ ಇಳಿದ ಮೇಲೂ ಅಷ್ಟು ಜಾಗ ಕೆಂಪಾಗಿಯೇ ಉಳಿಯಿತು. ಹುಣಸೆಬೀಜದಷ್ಟು ಅಗಲ, ಹೊಳಪು, ಮುಟ್ಟಿದರೆ ಬಿಸಿ. ಇದು ಮಾತ್ರ ನಿಜವಾಗಿ ಸುಟ್ಟದ್ದು. ಅದರ ಮೇಲೆ ತಣ್ಣೀರಿನ ಬಟ್ಟೆ ಬದಲಿಸುತ್ತಾ ಕೂತೆ, ಆಮೇಲೆ ಕ್ಯಾಲಮೈನ್ ಲೋಷನ್ನು ತೆಳ್ಳಗೆ ಹಚ್ಚಿದೆ. ವ್ಯಾಕ್ಸಿನ ಡಬ್ಬಿಯನ್ನು ಹೊರಗೆ ತೆಗೆಯಲೇ ಇಲ್ಲ. ಅವತ್ತು ಆ ಚರ್ಮಕ್ಕೆ ವ್ಯಾಕ್ಸೂ ಬೇಡ, ಫೇಶಿಯಲ್ಲೂ ಬೇಡ. ಹುಬ್ಬನ್ನಷ್ಟೇ ದಾರದಲ್ಲಿ ತಿದ್ದಿದೆ. ಇಷ್ಟು ದೂರ ಹೊತ್ತು ತಂದ ಬ್ಯಾಗಿನಿಂದ ಆ ದಿನ ಈಚೆ ಬಂದದ್ದು ಹತ್ತಿ, ಲೋಷನ್ನು, ದಾರದುಂಡೆ, ಅಷ್ಟೇ.

"ಈ ಗುರುತು ನಾಳೆಗೆ ಹೋಗಲ್ಲ ಕಣವ್ವ," ಎಂದು ಹುಡುಗಿಗೆ ನೇರವಾಗಿ ಹೇಳಿದೆ. "ಮೇಕಪ್ಪು ಮೆತ್ತಿ ಮುಚ್ಚಬಹುದು. ಮುಚ್ಚಿದರೆ ಹುಣ್ಣಾಗುತ್ತೆ, ಆಮೇಲೆ ಕಲೆ ನಿಲ್ಲುತ್ತೆ."

ಸೋದರತ್ತೆ, "ಮುಚ್ಬುಡಿ ಅಕ್ಕಾರೇ, ನಾಳೆ ಒಂದಿನ ಕಳುದ್ರೆ ಸಾಕು," ಎಂದಳು. ಹುಡುಗಿ ಸ್ವಲ್ಪ ಹೊತ್ತು ಕನ್ನಡಿ ನೋಡಿಕೊಂಡು, "ಬ್ಯಾಡ ಬುಡತ್ತೆ, ಇರ್ಲಿ," ಎಂದಳು. ಕನ್ನಡಿಯನ್ನು ಚಾಪೆಯ ಮೇಲೆ ಮಗುಚಿಟ್ಟಳು.

ಮಾರನೆಯ ಬೆಳಗ್ಗೆ ಬೆಳಕು ಹರಿಯುವ ಮೊದಲೇ ಮಲ್ಲಿಗೆ ಮೊಗ್ಗಿನ ಜಡೆ ಹಾಕಿ ಮುಗಿಸಿದೆ. ಮುಖಕ್ಕೆ ಪೌಡರು, ಕಣ್ಣಿಗೆ ಕಾಡಿಗೆ, ಅಷ್ಟೇ. ಅರಿಶಿನ ಇಳಿದ ಆ ಮುಖಕ್ಕೆ ನನ್ನ ಯಾವ ಬಣ್ಣವೂ ಬೇಕಿರಲಿಲ್ಲ. ಬಲಗಡೆಯ ದವಡೆಯನ್ನು ಬರಿದಾಗಿ ಬಿಟ್ಟೆ. ಅಷ್ಟರಲ್ಲಿ ಗಂಡಿನ ಕಡೆಯವರ ವಾಲಗ ಕೇಳಿಸಿತು.

ಬೀಗಿತ್ತಿ, ಅಂದರೆ ಹುಡುಗನ ತಾಯಿ, ಗಟ್ಟಿಮುಟ್ಟಾದ ಹೆಂಗಸು. ಹಸಿರು ಗಾಜಿನ ಬಳೆಯ ತಟ್ಟೆ ಇಟ್ಟುಕೊಂಡು ಮಣೆಯ ಮುಂದೆ ಕೂತಳು. ಹುಡುಗಿಯ ಕೈ ತನ್ನ ಕೈಯಲ್ಲಿ ತೆಗೆದುಕೊಂಡು, ಬೆರಳು ಒತ್ತಿ, ಒಂದೊಂದೇ ಬಳೆ ಏರಿಸಿದಳು. ತೋಳು ಅರಿಶಿನದ ಬಣ್ಣದಲ್ಲಿ ಹೊಳೆಯುತ್ತಿತ್ತು. ನಾನು ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದೆ. ಬಳೆಯೆಲ್ಲ ತೊಡಿಸಿ ಆದ ಮೇಲೆ ಕುಂಕುಮ ಇಡಲು ಆಕೆ ಹುಡುಗಿಯ ಗಲ್ಲ ಹಿಡಿದು ಮುಖ ಎತ್ತಿದಳು. ಹೆಬ್ಬೆರಳು ಅಲ್ಲೇ ನಿಂತಿತು.

"ಇದೇನಿದು?"

ಸೋದರತ್ತೆ ಬಾಯಿ ತೆರೆದಳು. ಯಾವ ಸುಳ್ಳು ಹೇಳಲಿದ್ದಳೋ ದೇವರಿಗೇ ಗೊತ್ತು. ಅದಕ್ಕೆ ಮೊದಲೇ ಹುಡುಗಿ, "ಕೂದ್ಲು ತೆಗ್ಯೋ ಕ್ರೀಮ್ ಹಚ್ಕಂಡು ಸುಟ್ಕಂಡೆ ಕಣತ್ತೆ," ಎಂದಳು. ಚಪ್ಪರಕ್ಕೆಲ್ಲ ಕೇಳುವಂತೆ, ಕಣ್ಣು ತಗ್ಗಿಸದೆ. "ಚೆಂದ ಕಾಣ್ಲಿ ಅಂತ."

ನಾನು ಕಣ್ಣು ಮುಚ್ಚಿಕೊಂಡೆ. ವಾಲಗದವರೂ ಆಗಲೇ ನಿಲ್ಲಿಸಬೇಕೆ?

"ಉರೀತದಾ?" ಎಂದು ಕೇಳಿತು ಬೀಗಿತ್ತಿಯ ದನಿ.

"ಒಸಿ."

"ನನ್ ಮದ್ವೇಲಿ ಸೀಗೆಪುಡಿ ಕಣ್ಗೆ ಬಿದ್ಬುಟ್ಟಿತ್ತು ಕಣೇ. ಎರಡು ಕಣ್ಣೂ ಕೆಂಡ. ಧಾರೇಲಿ ನಮ್ಮೆಜಮಾನ್ರ ಮೊಕಾನೇ ಸರ್ಯಾಗಿ ಕಾಣ್ನಿಲ್ಲ. ಕಂಡಿದ್ರೆ ಎದ್ ಓಡೋಯ್ತಿದ್ನೋ ಏನೋ!" ಚಪ್ಪರವೆಲ್ಲ ನಕ್ಕಿತು. ಆಕೆ ನಗುತ್ತಲೇ ತನ್ನ ಸೆರಗಿನ ತುದಿಯಿಂದ ಆ ಗುರುತಿಗೆ ತಾಗದಂತೆ ಸುತ್ತಲ ಬೆವರು ಒರೆಸಿ, ಕುಂಕುಮ ಇಟ್ಟಳು. ಆ ಸೆರಗು ಎಷ್ಟು ಮೆಲ್ಲಗೆ ಸರಿಯಿತೆಂದರೆ, ಮುಖದ ಕೆಲಸ ಕಲಿತ ನಾನೂ ಅಷ್ಟು ಹಗುರವಾಗಿ ಮುಟ್ಟಿದವಳಲ್ಲ.

ಧಾರೆ ನೋಡಿಕೊಂಡು, ಊಟ ಮಾಡಿ, ಮಡಿಲಿಗೆ ತೆಂಗಿನಕಾಯಿ ಹಾಕಿಸಿಕೊಂಡು ತೆಪ್ಪ ಹತ್ತಿದೆ. ಈ ಸಲ ಯಾರ ಮಂಡಿಯನ್ನೂ ಹಿಡಿಯಲಿಲ್ಲ. ನೀರಿನೊಳಗೆ ಕೈಯನ್ನಂತೂ ಹಾಕಲಿಲ್ಲ.

ಟೀಚರ್ ಆಮೇಲೆ ನನ್ನನ್ನು ಕರೆಸಲಿಲ್ಲ. ನಿಶ್ಚಿತಾರ್ಥಕ್ಕೆ ಒಂದು ಪಾರ್ಲರಿಗೆ ಹೋದವರು ಮದುವೆಗೂ ಅಲ್ಲಿಗೇ ಹೋದರು, ಅವರ ಬೀದಿಯೂ ಅವರ ಹಿಂದೆ ಹೋಯಿತು. ಅವರದು ತಪ್ಪೆಂದು ನಾನು ಹೇಳಲಾರೆ. ಹೊಟ್ಟೆ ಉರಿದದ್ದು ಮಾತ್ರ ನಿಜ. ಆಚೆ ದಡದ ಒಂದು ಮದುವೆಗಾಗಿ ಈಚೆ ದಡದ ಒಂದು ಬೀದಿ ಕಳೆದುಕೊಂಡೆಯಲ್ಲ ಎಂದು ಅತ್ತೆ ಅನ್ನುತ್ತಾರೆಂದು ಕಾಯುತ್ತಲೇ ಇದ್ದೆ. ಅವರು ಅನ್ನಲಿಲ್ಲ. ಆನೆಯ ಕಥೆಯನ್ನು ಮಾತ್ರ ಬಂದವರಿಗೆಲ್ಲ ಹೇಳುತ್ತಿದ್ದರು, ತಾವೇ ತೆಪ್ಪದಲ್ಲಿ ಕೂತಿದ್ದವರಂತೆ.

ಮುಂದಿನ ಮದುವೆ ಕಾಲದಲ್ಲಿ ಒಂದು ಮಧ್ಯಾಹ್ನ ನಾನು ಹಿತ್ತಿಲಲ್ಲಿ ಟವೆಲು ಒಣಹಾಕುತ್ತಿದ್ದೆ. ಮುಂಬಾಗಿಲಲ್ಲಿ ಯಾರೋ ಗಂಡಸಿನ ದನಿ. ಪಿರಿಯಾಪಟ್ಟಣದಿಂದಲೂ ಆಚೆಗೆ, ಕಾಡಂಚಿನ ಯಾವುದೋ ಊರು. ಬಸ್ಸು ದಿನಕ್ಕೆ ಒಂದೇ ಸಲ, ಅದೂ ಬಂದರೆ ಬಂತು. "ತಂಗಿ ಮದ್ವೆ ಕಣವ್ವ. ನಿಮ್ ಸೊಸೆ ಎಲ್ಲೀಗಂಟ ಬತ್ತಾರೆ?" ಎಂದು ಕೇಳುತ್ತಿದ್ದ.

ನಾನು ಟವೆಲು ಕೈಯಲ್ಲಿ ಹಿಡಿದು ಕಿವಿಗೊಟ್ಟೆ. ಬಸ್ ಇರೋಗಂಟ ಎನ್ನುವ ಮಾತು ಬರಲಿಲ್ಲ.

"ಎಣ್ಗೆ ಅರಿಸ್ನ ಹಚ್ಚವ್ರಾ?" ಎಂದು ಕೇಳಿದರು ಅತ್ತೆ.

"ಹಚ್ಚವ್ರೆ ಕಣವ್ವ, ನೆನ್ನೆ."

ಅತ್ತೆ ಮಂಡಿಗೆ ಕೈಯೂರಿ ಎದ್ದ ಸದ್ದು ಕೇಳಿತು. ಆಮೇಲೆ ಒಳಕೋಣೆಯಲ್ಲಿ ಮಂಚದ ಕೆಳಗಿನಿಂದ ನನ್ನ ಬ್ಯಾಗು ಎಳೆದ ಸದ್ದು.